ಒನಕೆಯ ಚೂರು ಕೂಡಿಸಿದ ಪೆನ್ನು

ಕೊಟ್ಟೂರು
ಶುಕ್ರವಾರ

ಚಿರಂಜೀವಿ ಕೀರ್ತನಾಳಿಗೆ ನಿನ್ನ ಅತ್ತೆ ಭರಮಮ್ಮನ ಆಶೀರ್ವಾದಗಳು.

ಸೊಸೆಗೆ ಕಾಗದ ಬರೆಯುವಾಗ ‘ಚಿರಂಜೀವಿ ಸೌಭಾಗ್ಯವತಿ’ ಎಂದು ಶುರು ಮಾಡುವುದು ವಾಡಿಕೆ. ಎರಡನೆಯ ಮಾತನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ. ಫೋನು ಮಾಡಿದರೆ ನಿಮ್ಮಣ್ಣ ಬೀರಲಿಂಗೇಶ್ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತಾನೆ. ಅವನದೇನೂ ತಪ್ಪಿಲ್ಲ. ಮದುವೆಯ ಅರಿಶಿನ ಆರುವ ಮೊದಲೇ ತಂಗಿಯನ್ನು ತಿರುಗಿ ಕಳಿಸಿದ ಮನೆಯ ಫೋನನ್ನು ನಾನಾದರೂ ಎತ್ತುತ್ತಿರಲಿಲ್ಲ. ಅದಕ್ಕೇ ಏಳನೆಯ ಇಯತ್ತೆ ಓದಿದ ನನ್ನ ಕಾಗೆಕಾಲಿನ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕಾಗದದ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಪೆನ್ನಿದೆ. ಪೂರಾ ಓದಿದ ಮೇಲೆ ಬಿಚ್ಚು, ಮೊದಲೇ ಬಿಚ್ಚಬೇಡ.

ನಿಮ್ಮೂರು ತೆಲಿಗಿಯಿಂದ ಸಂತೆಗೆ ಬಂದಿದ್ದ ನಿಮ್ಮ ಓಣಿಯ ಹೊನ್ನೂರಮ್ಮ ಸಿಕ್ಕಿದ್ದಳು. "ನಿನ್ನ ಸೊಸಿ ಹೊಸ್ತಿಲ ದಾಟವಲ್ಲಳು ಬೇ," ಎಂದಳು. "ನನ್ನ ಬಾಯಿಂದಾನ ಅವರ ಕೈ ಹೋತು, ನಾ ಮಕ್ಕಳಿಗೆ ಏನ್ ಪಾಠ ಹೇಳ್ಲಿ ಅಂತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾಳ." ತಂಬ್ರಹಳ್ಳಿ ಶಾಲೆಗೆ ಹೋಗಿ ಹಾಜರಾಗಲು ಕೊಟ್ಟ ಗಡುವನ್ನು ಒಮ್ಮೆ ಮುಂದೆ ಹಾಕಿಸಿಕೊಂಡಿದ್ದೀಯಂತೆ. ಈ ತಿಂಗಳ ಕೊನೆಗೆ ಅದೂ ಮುಗಿಯುತ್ತದಂತೆ. ಹಗಲೂ ರಾತ್ರಿ ಓದಿ ಪಡೆದ ಟೀಚರ್ ಕೆಲಸವನ್ನು ಗೋಡೆ ನೋಡುತ್ತ ಕಳೆದುಕೊಳ್ಳುತ್ತೀಯಾ? ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬರೆಯಲು ಕೂತಿದ್ದೇನೆ, ಮಾತು ಒರಟಾದರೆ ಹೊಟ್ಟೆಗೆ ಹಾಕಿಕೋ.

ಕಟ್ಟಿಗೆ ಕಡೆಯುವ ನಮ್ಮ ಲೇತನ್ನು ನೀನು ನೋಡಿದ್ದೀಯ. ನಿನ್ನ ಮಾವ ಅದರ ಮೇಲೆ ತೊಟ್ಟಿಲ ಕಾಲು ಕಡೆಯುತ್ತಿದ್ದರು. ಅವರು ಹೋದಾಗ ನನ್ನ ಬಳೆ ಒಡೆದರು, ಕುಂಕುಮ ಅಳಿಸಿದರು, ಮೂಲೆ ಹಿಡಿದು ಕೂಡು ಎಂದರು. ಮೂಲೆಯಲ್ಲಿ ಲೇತ್ ಇತ್ತು, ನಾನು ಅದರ ಮುಂದೆ ಕೂತೆ. ಬೋಳು ಕೈಯವಳು ಎದುರು ಬಂದರೆ ಅಪಶಕುನ ಎಂದು ಜನ ದಾರಿ ಬದಲಿಸುತ್ತಿದ್ದರು. ತಿರುಗುವ ಯಂತ್ರದ ಮುಂದೆ ಬೋಳು ಕೈಗಿಂತ ಒಳ್ಳೆಯ ಕೈ ಬೇರೊಂದಿಲ್ಲ ಎಂಬುದು ನನಗೆ ಆಗಲೇ ತಿಳಿದುಹೋಯಿತು. ಕಬ್ಬಿಣದ ತೊಟ್ಟಿಲು ಬಂದು ನಮ್ಮದನ್ನು ಕೇಳುವವರಿಲ್ಲದಾದಾಗ ನಾನೂ ಮಗ ಮೌನೇಶನೂ ಪೆನ್ನು ಮಾಡಲು ಕಲಿತೆವು. ಒಂದು ಕಟ್ಟಿಗೆಯನ್ನು ಓರೆಯಾಗಿ ಕೊಯ್ದು, ನಡುವೆ ಇನ್ನೊಂದು ಬಣ್ಣದ ತೆಳ್ಳಗಿನ ಚೂರು ಇಟ್ಟು ಅಂಟಿಸಿ, ಒಣಗಿದ ಮೇಲೆ ಕಡೆದರೆ ಒಳಗಿನ ಗೆರೆ ಸುತ್ತಿಕೊಂಡು ಮೇಲೆ ಬರುತ್ತದೆ. ಚೂರು ಕೂಡಿಸುವುದರಲ್ಲಿ ನನ್ನ ಮಗನ ಕೈ ನನಗಿಂತ ಚಂದ. ಚಂದ ಇತ್ತು.

ಮದುವೆಯ ಮಾತು ಗಟ್ಟಿಯಾದ ಮೇಲೆ ನೀನು ನಿಮ್ಮವ್ವನ ಜೊತೆ ನಮ್ಮ ಮನೆ ನೋಡಲು ಬಂದಿದ್ದೆ. ನಿಮ್ಮವ್ವ ಕಪಾಟು ನೋಡಿದರು, ನೀರಿನ ತೊಟ್ಟಿ ನೋಡಿದರು. ನೀನು ಲೇತಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಇದು ಹೆಂಗ ತಿರುಗತೈತ್ರಿ ಅತ್ತಿ?" ಎಂದು ಕೇಳಿದೆ. ನಾನು ಹಚ್ಚಿ ತೋರಿಸಿದೆ. ನೀನು ಕೈ ಚಾಚಿದಾಗ ತಡೆದು ಹೇಳಿದ ಮಾತು ನೆನಪಿದೆಯಾ? "ಇದರ ಮುಂದ ಕೈಯಾಗ ಏನೂ ಇರಬಾರದವ್ವ. ಬಳಿ ಆದ್ರ ಒಡಿತಾವ. ದಾರ ಒಡಿಯಂಗಿಲ್ಲ, ಸಿಕ್ರ ಕೈ ಹೋಗತೈತಿ." ನೀನು ಬಳೆಗಳನ್ನು ಮೊಣಕೈಗೆ ಸರಿಸಿಕೊಂಡು ನಕ್ಕೆ. ಈ ಹುಡುಗಿಗೆ ಹೇಳಿದ್ದು ತಲೆಗೆ ಹತ್ತುತ್ತದೆ ಎಂದು ನಾನು ಅವತ್ತೇ ಅಂದುಕೊಂಡೆ.

ಮದುವೆಯಾಯಿತು. ನಮ್ಮ ಮನೆಯಲ್ಲಿ ಕಂಕಣ ಬಿಚ್ಚುವುದು ನೀಲಗುಂದದ ಭೀಮೇಶ್ವರನ ಮುಂದೆ, ಸೋಮವಾರ. ಅಲ್ಲಿಯ ತನಕ ಅರಿಶಿನದ ಕೊಂಬು ಕಟ್ಟಿದ ದಾರ ಇಬ್ಬರ ಮಣಿಕಟ್ಟಿನಲ್ಲೂ ಇರಬೇಕು. ಅಲ್ಲಿಯ ತನಕ ನಾನು ಮದುಮಕ್ಕಳ ಎದುರು ಸುಳಿಯಬಾರದು. ನನ್ನ ನಾದಿನಿ ಕೆಂಚಕ್ಕ ತಾಕೀತು ಮಾಡಿ ನನ್ನನ್ನು ಹಿತ್ತಲಾಚೆಯ ಹುಲುಗಣ್ಣನ ಮನೆಯಲ್ಲಿ ಇರಿಸಿದ್ದಳು. ಹೆತ್ತ ಮಗನ ಮದುವೆಯ ಹೋಳಿಗೆಯನ್ನು ಮಂದಿಯ ಮನೆಯಲ್ಲಿ ಕೂತು ತಿಂದವಳು ನಾನು. ಅದೇ ವಾರ ನಿನ್ನ ಕೆಲಸದ ಆದೇಶ ಬಂತು. ಸೋಮವಾರ ದೇವರಿಗೆ, ಮಂಗಳವಾರ ಶಾಲೆಗೆ ಎಂದು ನೀವಿಬ್ಬರೂ ಲೆಕ್ಕ ಹಾಕಿದಿರಿ.

ಈಗ ನಿನಗೆ ಗೊತ್ತಿಲ್ಲದ ಒಂದು ಮಾತು. ಮುಚ್ಚಿಡೋಣ ಎಂದಿದ್ದೆ. ಆದರೆ ಕೆಂಚಕ್ಕನ ಬಾಯಿಂದ ಉಪ್ಪು ಖಾರ ಹಚ್ಚಿಕೊಂಡು ಬರುವುದಕ್ಕಿಂತ ನನ್ನಿಂದಲೇ ತಿಳಿಯಲಿ. ಕಂಕಣ ಬಿಚ್ಚುವ ಹಿಂದಿನ ದಿನ, ಆ ಭಾನುವಾರ, ಮೌನೇಶ ಕಡೆಯುತ್ತಿದ್ದ ಪೆನ್ನು ನಿನ್ನದು. ಶಾಲೆಯಲ್ಲಿ ನೀನು ಮಾಡುವ ಮೊದಲ ಸಹಿಗೆಂದು ಮಾಡುತ್ತಿದ್ದ. ನಿನ್ನ ಅಜ್ಜಿಯ ಮುರಿದ ಒನಕೆಯ ತುದಿಯನ್ನು ನಿಮ್ಮಣ್ಣನ ಹತ್ತಿರ ಗುಟ್ಟಾಗಿ ಬೇಡಿ ತಂದಿದ್ದ. ಅದರ ಚೂರನ್ನು ಕಮರ ಮರದ ಕೆಂಪು ಕಟ್ಟಿಗೆಯೊಳಗೆ ಕೂಡಿಸಿದ್ದ. ನೀನು ಕೇಳಿದ್ದಲ್ಲ, ನಿನಗೆ ಗೊತ್ತಿದ್ದೂ ಅಲ್ಲ. ಇದನ್ನು ಹೊಸ ಹೊರೆ ಮಾಡಿಕೊಂಡು ಅಳಬೇಡ. ಒಂದು ಕಾಲಕ್ಕೆ ಅವನು ನಿನ್ನ ಮೇಲೆ ಎಷ್ಟು ಪ್ರೀತಿ ಇಟ್ಟಿದ್ದ ಎಂಬುದು ತಿಳಿಯಲೆಂದು ಹೇಳಿದೆ. ಅದು ಸುಳ್ಳಾಗಿರಲಿಲ್ಲ.

ಆಮೇಲಿನದು ನಿನಗೆ ಗೊತ್ತು, ಆದರೂ ಇದ್ದದ್ದನ್ನು ಇದ್ದಂಗೆ ಒಮ್ಮೆ ಬರೆಯುತ್ತೇನೆ. ಯಾಕೆಂದರೆ ಊರು ಅದನ್ನು ಬೇರೆ ಮಾಡಿ ಹೇಳುತ್ತಿದೆ. ನೀನು ಚಹಾ ತಂದೆ. ಅವನ ಕೈಯಲ್ಲಿ ಕಂಕಣ ಇರುವುದನ್ನು ಕಂಡು, "ದಾರ ಬಿಚ್ಚಿಟ್ಟು ಕುಂದರ್ರಿ, ಸಿಕ್ರ ಕೈ ಹೋಗತೈತಿ," ಎಂದೆ. ಕೆಂಚಕ್ಕ ಒಳಗಿನಿಂದಲೇ, "ಹಸಿ ಮದುಮಗಳು ಕಂಕಣ ಬಿಚ್ಚು ಅಂತಾಳ, ಕೈ ಹೋಗತೈತಿ ಅಂತಾಳ, ಎಂಥಾ ಹಾಳು ಬಾಯಿ ಇದು," ಎಂದಳು. ಅವನು ನಕ್ಕು ದಾರವನ್ನು ಅಂಗಿಯ ತೋಳಿನೊಳಗೆ ತುರುಕಿದ. "ಪಾಲಿಶ್ ಒಂದ್ ಐತಿ, ಮುಗೀತು," ಎಂದ. ಪಾಲಿಶ್ ಕಾಗದ ಹಿಡಿದ ಕೈ ತಿರುಗುವ ಕಟ್ಟಿಗೆಗೆ ಎಲ್ಲಕ್ಕಿಂತ ಹತ್ತಿರ ಇರುತ್ತದೆ. ದಾರ ತೋಳಿನಿಂದ ಜಾರಿತು, ಅರಿಶಿನದ ಕೊಂಬಿನ ಸಮೇತ ಯಂತ್ರಕ್ಕೆ ಸುತ್ತಿಕೊಂಡಿತು. ಪೆನ್ನಿಗೆಂದೇ ಮಾಡಿದ ಸಣ್ಣ ಯಂತ್ರವಾಗಿದ್ದರೆ ಅಲ್ಲಿಗೇ ನಿಂತುಬಿಡುತ್ತಿತ್ತೋ ಏನೋ. ನಮ್ಮದು ತೊಟ್ಟಿಲ ಕಾಲು ತಿರುಗಿಸುವ ಹಳೇ ಮೋಟಾರು, ನಿಲ್ಲಲಿಲ್ಲ. ನಾನು ಹುಲುಗಣ್ಣನ ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಉಳಿಯದ್ದೂ ಅಲ್ಲದ, ಪಾಲಿಶ್ ಕಾಗದದ್ದೂ ಅಲ್ಲದ ಒಂದು ಸದ್ದು ಕೇಳಿ ಮೊರ ಬಿಸಾಕಿ ಓಡಿ ಬಂದೆ. ಅಷ್ಟರಲ್ಲಿ ನೀನು ಸ್ವಿಚ್ ಆರಿಸಿ, ಅವನನ್ನು ಎದೆಗೆ ಒರಗಿಸಿಕೊಂಡು ಕೂತಿದ್ದೆ. ನಿನ್ನ ಧಾರೆ ಸೀರೆ ಪೂರಾ ರಕ್ತ.

ದಾವಣಗೆರೆಯಲ್ಲಿ ಡಾಕ್ಟರು ಹೆಬ್ಬೆರಳೂ ತೋರುಬೆರಳೂ ಉಳಿಯಲಿಲ್ಲ ಎಂದರು. "ಮಷೀನು ಯಾರು ಆಫ್ ಮಾಡಿದ್ದು? ಇನ್ನೊಂದು ಗಳಿಗೆ ತಡ ಆಗಿದ್ರೆ ಮುಂಗೈಯೇ ಉಳೀತಿರ್ಲಿಲ್ಲ," ಎಂದರು. ನನ್ನ ಸೊಸಿ ಎಂದೆ. ಕೊಟ್ಟೂರಿಗೆ ಬಂದ ಮೇಲೆ ಆ ಪ್ರಶ್ನೆಯನ್ನು ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ನೀನು ಏನು ಅಂದೆ ಎಂದು. ಕಾಲ್ಗುಣ ಸರಿ ಇಲ್ಲ ಎಂದರು, ನಾಲಿಗೆಯ ಮೇಲೆ ಮಚ್ಚೆ ಐತಿ ಎಂದರು. ನಾನು ಮಗನ ಜೊತೆ ಆಸ್ಪತ್ರೆಯಲ್ಲಿದ್ದಾಗ ಕೆಂಚಕ್ಕ ನಿಮ್ಮಣ್ಣನನ್ನು ಕರೆಸಿ ನಿನ್ನನ್ನು ಕಳಿಸಿಬಿಟ್ಟಿದ್ದಳು. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರಲಿ?

ಕೇಳು ಮಗಳೇ. ಅವತ್ತು ನೀನು ಆಡಿದ ಮಾತು ನಿನ್ನದಲ್ಲ, ನನ್ನದು. ಲೇತಿನ ಮುಂದೆ ನಿನ್ನ ಕೈ ತಡೆದು ನಾನು ಹೇಳಿಕೊಟ್ಟದ್ದನ್ನೇ ನೀನು ಹೇಳಿದೆ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಕಸುಬಿನ ಮೊದಲ ಪಾಠ ಅದು. ಅದು ಅಪಶಕುನವಾಗಿದ್ದರೆ ಮೊದಲು ನನ್ನ ನಾಲಿಗೆ ಕೀಳಲಿ. ಆ ಮನೆಯಲ್ಲಿ ಆ ಹೊತ್ತು ಕಸುಬು ತಿಳಿದು ಮಾತಾಡಿದವಳು ನೀನೊಬ್ಬಳೇ. ಚಿಕ್ಕಂದಿನಿಂದ ನನ್ನ ಕೈಕೆಳಗೆ ಕಲಿತ ಮಗನಿಗೂ ಅವತ್ತು ಅದು ನೆನಪಿರಲಿಲ್ಲ. ಕೆಂಚಕ್ಕನ ಎದುರಿಗೆ ಇಷ್ಟನ್ನೂ ಹೇಳಿದ್ದೇನೆ. "ರಂಡಿಮುಂಡಿ ಮಾತು ಯಾರ್ ಕೇಳ್ತಾರ," ಎಂದಳು. ಅದೂ ನಿಜ, ಯಾರೂ ಕೇಳಲಿಲ್ಲ.

ಇನ್ನು ಬರೆಯಲು ಕಷ್ಟವಾದದ್ದು. ಅವರು ಕರೆದರೆ ಬರುತ್ತೇನೆ ಎಂದು ಹೊನ್ನೂರಮ್ಮನ ಕೈಯಲ್ಲಿ ಹೇಳಿ ಕಳಿಸಿದ್ದೀಯ. ಅವನು ಕರೆಯುವುದಿಲ್ಲ ಕೀರ್ತನಾ. ಮೊದಮೊದಲು ಕೆಂಚಕ್ಕ ನಿನ್ನ ಸುದ್ದಿ ಎತ್ತಿದರೆ, "ಸುಮ್ನಿರತ್ತಿ, ಆಕಿದೇನೈತಿ," ಎನ್ನುತ್ತಿದ್ದ. ಕೈಯ ಕಟ್ಟು ಬಿಚ್ಚಿದ ಮೇಲೆ ಒಂದು ದಿನ ಉಳಿ ಹಿಡಿಯಲು ನೋಡಿದ. ಉಳಿ ಕೆಳಗೆ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಅವತ್ತಿನಿಂದ ಲೇತಿನ ಕಡೆಗೆ ಬೆನ್ನು ಮಾಡಿ ಕೂಡುತ್ತಾನೆ. ಬಂದವರೆಲ್ಲ ನಿನ್ನ ಬಾಯಿಂದಲೇ ಹೀಗಾಯಿತು ಎಂದು ಆಡಿದರು, ಅವನು ಅದನ್ನೇ ಕೇಳಿದ. ಹೋದ ವಾರ ನಾನು ನಿನ್ನನ್ನು ಕರೆತರೋಣ ಎಂದಾಗ ನನ್ನ ಮುಖ ನೋಡದೆ, "ಆಕಿ ಆ ಮಾತು ಆಡಬಾರದಿತ್ತು ಬಿಡವ್ವ," ಎಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹಾಗೆಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಮುದ್ದು ಬಂದರೂ ಅದು ಹೆಗ್ಗಣವೇ. ಊಟ ಮಾಡಲು ಅವನಿಗೆ ಬಲಗೈ ಏಳುವುದಿಲ್ಲ, ಎಡಗೈಯಲ್ಲಿ ಉಣ್ಣಲು ನಾಚಿಕೆ. ನಾನೇ ತುತ್ತು ಮಾಡಿ ಉಣ್ಣಿಸುತ್ತೇನೆ. ಬೈಯುತ್ತಲೇ ಉಣ್ಣಿಸುತ್ತೇನೆ, ಉಣ್ಣಿಸಿ ಹಿತ್ತಲಿಗೆ ಹೋಗಿ ಅಳುತ್ತೇನೆ. ಅವನನ್ನು ಬಿಟ್ಟು ನಾನು ಎಲ್ಲಿಗೂ ಬರಲಾರೆ. ಆದರೆ ನಿನ್ನನ್ನು ಇಲ್ಲಿಗೆ ಬಾ ಎಂದು ಕರೆಯಲಾರೆ. ಪ್ರತಿ ತುತ್ತಿಗೂ ಆ ಕೈಯನ್ನು ನಿನಗೆ ತೋರಿಸುವ ಮನೆ ಇದು.

ಅಮಾವಾಸ್ಯೆ ಕಳೆದ ಮೇಲೆ ನಮ್ಮ ಕುಲದ ಹಿರಿಯ ಕರಿಸಿದ್ದಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಸೋಡಚೀಟಿ ಹಿಡಿದು ತೆಲಿಗಿಗೆ ಬರುತ್ತಾನೆ, ಸಂಬಂಧ ಹರಿದುಕೊಳ್ಳಲು. ನಾನೂ ಬರುತ್ತೇನೆ. ಯಾರು ಏನೇ ಅನ್ನಲಿ, ಈ ಸಲ ಹಿತ್ತಲಲ್ಲಿ ಕೂಡುವುದಿಲ್ಲ, ಮುಂದೆ ಕೂಡುತ್ತೇನೆ. ಆ ಮಾತು ಯಾರದು, ಸ್ವಿಚ್ ಆರಿಸಿದವರು ಯಾರು ಎಂಬುದನ್ನು ನಿಮ್ಮ ಓಣಿಯ ಮಂದಿಯೆಲ್ಲ ಕೇಳುವಂತೆ ಹೇಳಿಯೇ ಏಳುತ್ತೇನೆ.

ಲೇತನ್ನು ಆ ದಿನದಿಂದ ಯಾರೂ ಮುಟ್ಟಿರಲಿಲ್ಲ. ಮೊನ್ನೆ ನಾನು ಮುಟ್ಟಿದೆ. ತಿರುಗುವ ಸರಳಿಗೆ ಕಂಕಣ ಇನ್ನೂ ಸುತ್ತಿಕೊಂಡಿತ್ತು, ಒಣಗಿ ಕಪ್ಪಾಗಿ. ಭೀಮೇಶ್ವರನ ಮುಂದೆ ಬಿಚ್ಚಬೇಕಾಗಿದ್ದನ್ನು ನಾನು, ಬೋಳು ಕೈಯವಳು, ಉಳಿಯಿಂದ ಕೊಯ್ದು ತೆಗೆದೆ. ಅರಿಶಿನದ ಕೊಂಬು ಹಿಟ್ಟಾಗಿತ್ತು. ಎಲ್ಲವನ್ನೂ ಬಾಚಿ ಒಲೆಗೆ ಹಾಕಿದೆ. ದೇವರಿಗೆ ಸಿಟ್ಟು ಬರುವುದಿದ್ದರೆ ಬರಲಿ, ನನಗೆ ಬಂದಷ್ಟು ಬರಲಾರದು.

ಅವನು ಕಡೆಯುತ್ತಿದ್ದ ಪೆನ್ನು ಅವತ್ತೇ ಒಡೆದು ಹೋಗಿತ್ತು. ಕೂಡಿಸಿದ ಚೂರು ಕಡೆಯುವಾಗ ಸಿಡಿಯುವುದುಂಟು. ಅದಕ್ಕೇ ನಾವು ಯಾವಾಗಲೂ ಇನ್ನೊಂದನ್ನು ಅಂಟಿಸಿ ಇಟ್ಟಿರುತ್ತೇವೆ. ಆ ಇನ್ನೊಂದು ಗೋಡೆಯ ಗೂಡಿನಲ್ಲೇ ಇತ್ತು, ಅವನ ಎರಡೂ ಕೈ ಚೆನ್ನಾಗಿದ್ದಾಗ ಕೂಡಿಸಿದ್ದು. ನಾನು ಅದನ್ನು ಕಡೆದೆ. ಅವನು ಬೆನ್ನು ತಿರುಗಿಸಿಯೇ ಕೂತಿದ್ದ, ಎದ್ದು ಹೋಗಲಿಲ್ಲ. ಮುಗಿದ ಮೇಲೆ ಅವನ ತೊಡೆಯ ಮೇಲಿಟ್ಟೆ. ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ನನಗೆ ತಿರುಗಿ ಕೊಟ್ಟ. ಇದರಿಂದ ನೀನು ಏನೂ ಆಸೆ ಕಟ್ಟಿಕೊಳ್ಳಬೇಡ, ನಾನೂ ಕಟ್ಟಿಕೊಂಡಿಲ್ಲ.

ಈಗ ಬಟ್ಟೆ ಬಿಚ್ಚು. ಕೆಂಪಗಿರುವುದು ಕಮರ. ನಡುವೆ ಓರೆಯಾಗಿ ಸುತ್ತಿದ ಬಿಳಿಚು ಗೆರೆ ನಿನ್ನ ಅಜ್ಜಿಯ ಒನಕೆ. ಬೆರಳಾಡಿಸಿ ನೋಡು, ಕೂಡಿಸಿದ ಕಡೆ ಉಗುರಿಗೂ ಸಿಗುವುದಿಲ್ಲ.

ಕರಿಸಿದ್ದಪ್ಪ ಚೀಟಿ ಚಾಚಿ ಸಹಿ ಹಾಕವ್ವ ಎಂದಾಗ ಇದನ್ನು ತೆಗೆಯಬೇಡ. ಅವನ ಜೇಬಿನಲ್ಲಿ ಸದಾ ಒಂದು ಪ್ಲಾಸ್ಟಿಕ್ ಪೆನ್ನು ಇರುತ್ತದೆ, ಮಸಿ ಸೋರುವುದು. ಆ ಕಾಗದಕ್ಕೆ ಅದೇ ಸಾಕು. ಇದನ್ನು ತೆಗೆದುಕೊಂಡು ಅದಕ್ಕಿಂತ ಮೊದಲೇ, ಈ ಸೋಮವಾರವೇ ತಂಬ್ರಹಳ್ಳಿಯ ಬಸ್ಸು ಹತ್ತು. ಹೆಡ್ ಮಾಸ್ತರು ಹಾಜರಿ ಪುಸ್ತಕ ಮುಂದೆ ಸರಿಸಿ, "ಸಹಿ ಮಾಡ್ರಿ ಟೀಚರ್," ಎನ್ನುತ್ತಾರಲ್ಲ, ಆಗ ಇದರ ಮುಚ್ಚಳ ತೆಗೆ. ಪೂರ್ತಿ ಹೆಸರು ಬರೆ.

ಸೊಸೆಗೆ ಮಾಡುವ ಸೌಭಾಗ್ಯದ ಆಶೀರ್ವಾದ ನನ್ನ ಬಾಯಲ್ಲಿ ಬರುವುದಿಲ್ಲ, ಬಂದರೂ ನಿನಗೀಗ ಅದು ಬೇಡ. ನಿನ್ನ ಹತ್ತೂ ಬೆರಳು ನೆಟ್ಟಗಿರಲಿ. ಕಂಡದ್ದನ್ನು ಆಡುವ ನಿನ್ನ ಬಾಯಿ ಯಾರಿಗೂ ಹೆದರದಿರಲಿ.

ಇಂತಿ,
ನಿನಗೆ ಆ ಮಾತು ಕಲಿಸಿದ
ಭರಮಮ್ಮ