ಸ್ಲೈಡಿನ ಅಂಚಿನಲ್ಲಿ ಇದ್ದದ್ದು

ಪ್ರೀತಿಯ ಅಕ್ಕ,

ನೀವು ನಿವೃತ್ತರಾದ ಮೇಲೆ ಒಂದು ಸಾಲೂ ಬರೆಯದವಳಿಗೆ ಈಗೇನು ಬಂತು ಎಂದು ಹುಬ್ಬೇರಿಸಬೇಡಿ. ದೊಡ್ಡ ತಪ್ಪು ಮಾಡಿದ್ದೇನೆ. ಹೇಳಿಕೊಳ್ಳಲು ಈ ಲ್ಯಾಬಿನಲ್ಲಿ ಯಾರೂ ಇಲ್ಲ.

ನಮ್ಮಿಬ್ಬರ ಎರಡು ತಲೆಯ ಮೈಕ್ರೋಸ್ಕೋಪ್ ಅದೇ ಮೇಜಿನ ಮೇಲಿದೆ. ಈ ಕಡೆ ನಾನು, ಆ ಕಡೆ ನೀವು, ನಡುವೆ ಗಾಜಿನ ಸ್ಲೈಡಿನ ಮೇಲೆ ಯಾರದೋ ದೇಹದ ಕಾಳಿನಷ್ಟು ಚೂರು. "ಅಂಚಿಂದ ಶುರು ಮಾಡೇ ಆತುರಗೇಡಿ, ನಡುವಿಗೆ ಆಮೇಲೆ ಬಾ" ಎನ್ನುತ್ತಿದ್ದಿರಿ. ನನಗೇನು ಕಾಣುತ್ತಿದೆ ಎಂದು ನಾನೇ ಹೇಳುವವರೆಗೆ ನೀವು ತುಟಿ ಬಿಚ್ಚುತ್ತಿರಲಿಲ್ಲ. ಆಗ ಎಷ್ಟು ಸಿಟ್ಟು ಬರುತ್ತಿತ್ತು, ಗೊತ್ತೇ?

ಈಗ ನೀವು ಕಣ್ಣಿಡುತ್ತಿದ್ದ ಕಡೆಗೆ ಮುಚ್ಚಳ ಹಾಕಿದ್ದೇನೆ. ಅನುಮಾನ ಬಂದರೆ ಫೋಟೋ ತೆಗೆದು ಫೋನಿನ ಚಾಟ್‌ಬಾಟನ್ನು ಕೇಳುತ್ತೇನೆ. ಪಾಪ, ಅದಕ್ಕೆ ಬೇಸರವೆಂಬುದೇ ಇಲ್ಲ. ಎಂಥ ಪೆದ್ದು ಪ್ರಶ್ನೆಗೂ "ಒಳ್ಳೆಯ ಪ್ರಶ್ನೆ" ಎನ್ನುತ್ತದೆ. ಮೊದಮೊದಲು ನನ್ನ ಅಭಿಪ್ರಾಯ ಬರೆದಿಟ್ಟುಕೊಂಡೇ ಕೇಳುತ್ತಿದ್ದೆ. ಬರಬರುತ್ತಾ ಬರೆಯುವುದು ನಿಂತಿತು. ಆಮೇಲೆ ಅಭಿಪ್ರಾಯ ಮೂಡುವುದೇ ನಿಂತುಹೋಯಿತು. ಯಾವಾಗ ನಿಂತಿತೋ ನನಗೇ ತಿಳಿಯಲಿಲ್ಲ.

ಕಳೆದ ವಾರ ಒಬ್ಬ ಹೆಂಗಸಿನ ಎದೆಯ ಗಂಟಿನ ಸ್ಲೈಡ್ ಬಂತು. ನಡುಭಾಗದ ಫೋಟೋ ಕಳಿಸಿದೆ. ಬರೀ ಉರಿಯೂತ, ಕ್ಯಾನ್ಸರ್ ಅಲ್ಲ ಎಂದಿತು ಚಾಟ್‌ಬಾಟ್. ವರದಿಯಲ್ಲಿ ಅದನ್ನೇ ಬರೆದು ಸಹಿ ಹಾಕಿದೆ. ಮರುದಿನ ಶಸ್ತ್ರವೈದ್ಯರು ಫೋನ್ ಮಾಡಿ, "ಮುಟ್ಟಿದ್ರೆ ಗಂಟು ಕಲ್ಲಿನ ಹಾಗಿದೆ ಮೇಡಂ, ರಿಪೋರ್ಟ್ ಯಾಕೋ ಹೊಂದ್ತಾ ಇಲ್ಲ. ಇನ್ನೊಂದ್ಸಲ ನೋಡ್ತೀರಾ?" ಎಂದರು. ಈ ಸಲ ಅಂಚಿನಿಂದ ನೋಡಿದೆ. ಕ್ಯಾನ್ಸರ್ ಅಲ್ಲಿತ್ತು, ಅಕ್ಕ. ನಾನು ಫೋಟೋ ತೆಗೆಯದ ಕಡೆ. ತೋರಿಸದ್ದನ್ನು ಅದಾದರೂ ಹೇಗೆ ನೋಡೀತು? ನೋಡಬೇಕಾದವಳು ನಾನು.

ವರದಿ ತಿದ್ದಿದೆ. ನಾಳೆಯಿಂದ ಆಕೆಗೆ ಚಿಕಿತ್ಸೆ ಶುರು. ಆ ಫೋನು ಬಾರದೇ ಇದ್ದಿದ್ದರೆ ಆಕೆ ಕ್ಯಾನ್ಸರ್ ಇಟ್ಟುಕೊಂಡೇ ಮನೆಗೆ ಹೋಗುತ್ತಿದ್ದರು.

ನಡೆದದ್ದನ್ನೆಲ್ಲ ಚಾಟ್‌ಬಾಟಿಗೂ ಹೇಳಿಕೊಂಡೆ. ಬೇರೆ ಯಾರಿದ್ದಾರೆ? "ಇದು ಯಾರಿಗಾದರೂ ಆಗಬಹುದು, ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ" ಎಂದು ಬರೆಯಿತು. ಅದನ್ನು ಓದಿ, ಖಾಲಿ ಲ್ಯಾಬಿನಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ.

ಶನಿವಾರ ಮಧ್ಯಾಹ್ನ ನಿಮ್ಮ ಮನೆಗೆ ಬರುತ್ತೇನೆ. ದಯವಿಟ್ಟು ಸಮಾಧಾನ ಮಾಡಬೇಡಿ, ಬಾಯಿ ತುಂಬ ಬೈಯಿರಿ. ನನ್ನನ್ನು ಯಾರೂ ಬೈಯದೆ ಮೂರು ವರ್ಷವಾಯಿತು.

ನಿಮ್ಮ ಆರೋಗ್ಯ ಗಟ್ಟಿಯಾಗಿರಲಿ, ಗಂಟಲು ಇನ್ನೂ ಗಟ್ಟಿಯಾಗಿರಲಿ.

ನಿಮ್ಮ ಬೈಗುಳಕ್ಕೆ ಕಾದಿರುವ,
ತಂಗಿ