ರಾಣಿಯ ದಪ್ಪ ಅಟ್ಟೆಯ ಮೆಟ್ಟು

ಇಸವಿ ೨೬೧೧, ಹದಿಮೂರನೇ ತಿಂಗಳು, ನಲವತ್ತನೇ ತಾರೀಕು (ನಮ್ಮ ಕಾಲದ ಪಂಚಾಂಗದಂತೆ)
ಸೇನ್ ನದಿಯ ಮೇಲ್ದಂಡೆ

ಔಸ್ತ್ರೆವಿಲ್ದ ಎಂಬ ರಾಣಿಯ ಗೋರಿಯನ್ನು ಹಿಂದೆ ತೆರೆದು, ಕಂಡದ್ದನ್ನು ಬರೆದಿಟ್ಟ ಹಿರಿಯರಿಗೆ, ಮೆಟ್ಟು ಹೊಲಿಯುವ ಹೊನ್ನೂರವ್ವನ ನಮಸ್ಕಾರ.

ನಿನ್ನೆ ಕೆಟ್ಟ ಕನಸು ಬಿತ್ತು. ರಾಣಿ ಕಲ್ಲಿನ ಪೆಟ್ಟಿಗೆಯಿಂದ ಎದ್ದು, ನಾನು ಹೊಲಿದ ಮೆಟ್ಟು ಹಾಕಿಕೊಂಡು ಎರಡು ಹೆಜ್ಜೆ ಇಟ್ಟವಳು ಬಿದ್ದೇಬಿಟ್ಟಳು. "ಯಾರೇ ಇದನ್ನ ಹೊಲಿದವಳು?" ಅಂತ ಕನ್ನಡದಲ್ಲೇ ಬೈದಳು.

ನನ್ನ ಮಾತು ವಿಚಿತ್ರ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಶಾಲೆ ನೀರಲ್ಲಿ ಮುಳುಗಿ ನನ್ನ ಓದು ನಾಲ್ಕನೇ ಇಯತ್ತೆಗೇ ನಿಂತಿತು. ನದಿ ಹೀಗೆ ಏರಿದ್ದರಿಂದ ಹಳೇ ಗೋರಿಯವರನ್ನು ಗುಡ್ಡದ ಮೇಲೆ ಇನ್ನೊಮ್ಮೆ ಹೂಳುತ್ತೇವೆ, 'ಮರುಮಣ್ಣು' ಅನ್ನುತ್ತೇವೆ. ಮೊದಲ ಸಲ ಹೂಳುವಾಗ ಉಟ್ಟಿದ್ದು, ಮೆಟ್ಟಿದ್ದನ್ನೇ ಹೊಸದಾಗಿ ಮಾಡಿ ಇಡಬೇಕು. ಮುಚ್ಚಿದ ಮೇಲೆ ಮತ್ತೆ ತೆರೆಯುವ ಹಾಗಿಲ್ಲ.

ರಾಣಿಯ ಕಥೆ ಕೇಳಿದಷ್ಟೂ ಕುತೂಹಲ. ಫ್ರಾಂಕರ ನಾಡಿಗೆ ಸೆರೆಯಾಳಾಗಿ ಬಂದವಳು, ಅರಮನೆಯಲ್ಲಿ ದ್ರಾಕ್ಷಾರಸ ಬಡಿಸುತ್ತಿದ್ದಳಂತೆ. ಅರಸನನ್ನೇ ಮದುವೆಯಾದಳು, ಅವನು ತೀರಿದ ಮೇಲೆ ಕೂದಲು ಕತ್ತರಿಸಿಕೊಂಡು ಮಠ ಸೇರಿ ಕಸ ಗುಡಿಸಿದಳು. ಆದರೂ ಹೂಳುವಾಗ ಕೆಂಪು ರೇಷ್ಮೆ, ತೋಳಿಗೆ ಚಿನ್ನದ ಜರಿ! ಯಾರು ಉಡಿಸಿದರೋ, ಅವಳಿಗದು ಇಷ್ಟವಿತ್ತೋ ಇಲ್ಲವೋ. ಒಂದು ಕಾಲು ಗಿಡ್ಡ, ಆ ಕಾಲಿನ ಮೆಟ್ಟಿಗೆ ಮಾತ್ರ ಮೂರು ಪದರದ ಅಟ್ಟೆ ಅಂತ ನೀವೇ ಬರೆದಿದ್ದೀರಿ. ತುಂಬಿದ ಬಟ್ಟಲು ಹಿಡಿದು, ಚೆಲ್ಲದ ಹಾಗೆ ಹೇಗೆ ನಡೆದಳೋ!

ನಿಮ್ಮ ಪುಸ್ತಕದಲ್ಲಿ 'ಎಡಗಾಲು' ಅಂತಿದೆ. ಆದರೆ ಚಿತ್ರ ನೋಡಿದರೆ, ಬರೆದವರು ಅವಳ ಕಾಲಬುಡದಲ್ಲಿ ನಿಂತು ಮುಖ ನೋಡುತ್ತಾ ಬರೆದಂತಿದೆ. ಎದುರು ನಿಂತವರ ಎಡ ಅವಳ ಬಲವಲ್ಲವೇ? ನಾನೂ ಒಮ್ಮೆ ಹೀಗೇ ಮಾಡಿದ್ದೆ. ಎದುರು ಕೂತು ಕಾಲು ಚಾಚಿದ್ದ, ರಾಣಿಯಂತೆಯೇ ಒಂದು ಕಾಲು ಗಿಡ್ಡವಿದ್ದ ನೆರೆಮನೆಯ ಕಾಂತಕ್ಕನಿಗೆ ದಪ್ಪ ಅಟ್ಟೆಯನ್ನು ಒಳ್ಳೇ ಕಾಲಿಗೆ ಹೊಲಿದುಕೊಟ್ಟೆ. ವಾರವಿಡೀ ಸೊಂಟ ಹಿಡಿದುಕೊಂಡು ಬೈದಳು. ಇಲ್ಲಿ ಮೂಳೆ ನೋಡೋಣವೆಂದರೆ ರಾಣಿಯ ಕಾಲುಗಳೇ ನೆರೆಯಲ್ಲಿ ಕರಗಿಹೋಗಿವೆ, ಹಳೇ ಮೆಟ್ಟೂ ಇಲ್ಲ.

ಪೆಟ್ಟಿಗೆ ಕೆತ್ತುವ ಗಿಲ್ಬೇರಣ್ಣನಿಗೆ ನಗು. "ಹೊನ್ನೂರವ್ವಾ, ಸತ್ತೋಳು ಸಂತೆಗೆ ಹೋಗ್ತಾಳೇನು? ಬರೆದೋರು ನಿನಗಿಂತ ಓದಿದೋರು."

"ಓದಿದೋರು ಮೆಟ್ಟು ಹೊಲಿದಿರಲಿಲ್ಲಣ್ಣ," ಅಂದೆ.

ಹುಣ್ಣಿಮೆಗೆ ಮರುಮಣ್ಣು. ಹಿಂದಿನ ಕಾಲಕ್ಕೆ ಓಲೆ ಒಯ್ಯುವ 'ಹಿಂಚೀಲ'ದಲ್ಲಿ ಇದನ್ನು ಹಾಕುತ್ತಿದ್ದೇನೆ. ಅದರಲ್ಲಿ ಉತ್ತರ ಬರುವುದಿಲ್ಲ. ಆದರೆ ನೀವು ಕೈಯಾರೆ ಬರೆದ ಆ ಪುಸ್ತಕವೇ ನನ್ನ ಮುಂದೆ ತೆರೆದಿದೆ, ನಲವತ್ತೊಂದನೇ ಪುಟ. ಗೋರಿ ಇನ್ನೂ ಮುಚ್ಚಿರದಿದ್ದರೆ ಅವಳ ತಲೆಯ ಕಡೆ ನಿಂತು, ಕಾಲಿನತ್ತ ಮುಖ ಮಾಡಿ, ದಯವಿಟ್ಟು ಇನ್ನೊಮ್ಮೆ ನೋಡಿ. ಎಡವೇ ಆದರೆ ಆ ಪುಟದ ಅಂಚಿಗೆ ಒಂದು ಗೆರೆ ಎಳೆಯಿರಿ, ಬಲವಾದರೆ ಎರಡು. ನೀವು ಅಲ್ಲಿ ಎಳೆದದ್ದು ನನಗೆ ಇಲ್ಲಿ ಕಾಣುತ್ತದೆ. ಸೂಜಿಗೆ ದಾರ ಪೋಣಿಸಿಕೊಂಡು ಅಂಚನ್ನೇ ನೋಡುತ್ತಾ ಕೂತಿದ್ದೇನೆ.