ಮೊದಲು ಕೈ ಕೊಡುವುದು ಕೈ

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಭುಜದ ನೋವು ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಮಾಡುತ್ತಿದ್ದೇನೆಂದು ಡಾಕ್ಟರಿಗೆ ಹೇಳುತ್ತಿದ್ದೀಯೋ? ಇಲ್ಲಿ ನಾನು ಚೆನ್ನಾಗಿದ್ದೇನೆ. ಅಪ್ಪನ ಬಿಪಿ ಹತೋಟಿಯಲ್ಲಿದೆ. ಬೆಳಿಗ್ಗೆ ಮಾತ್ರೆ ಕೊಟ್ಟರೆ ನುಂಗುವ ಮೊದಲೇ, "ಅಕ್ಕನ ರಿವಾಲ್ವರ್ ಏನಾಯ್ತೇ?" ಎಂದು ಕೇಳುತ್ತಾರೆ. ಮಾತ್ರೆ ಕೊಡುವವಳು ಏನಾದಳೆಂದು ಯಾರೂ ಕೇಳುವುದಿಲ್ಲ. ತಮಾಷೆಗೆ ಬರೆದೆ. ಈಗ ಓದಿದರೆ ತಮಾಷೆಯಂತೆ ಕಾಣುತ್ತಿಲ್ಲ, ಆದರೂ ಹೊಡೆದುಹಾಕುವುದಿಲ್ಲ.

ಸುದ್ದಿಗೆ ಬರುತ್ತೇನೆ. ನೀನು ಅದನ್ನು ಬಂದೂಕು ರಿಪೇರಿ ಅಂಗಡಿಯಲ್ಲಿ ಬಿಟ್ಟು ನಿನ್ನ ಊರಿಗೆ ಹೊರಟ ಮೇಲೆ, ಬಿಡಿಭಾಗ ಹುಡುಕಿಸುವ ಕೆಲಸ ನನ್ನ ಪಾಲಿಗೆ ಬಂತಲ್ಲ. ಪ್ರತಿ ಶನಿವಾರ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೇನೆ. ಮೊದಲ ದಿನವೇ ಮೇಸ್ತ್ರಿ ಕಿಟಕಿ ಪಕ್ಕದ ಬೆಂಚಿನ ಮೇಲೆ ಅದನ್ನು ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಹರಡಿ ತೋರಿಸಿದರು. ಟ್ರಿಗರ್ ಎಳೆದಾಗ ಗುಂಡಿನ ಉರುಳೆಯನ್ನು ಒಂದೊಂದೇ ಮನೆ ಮುಂದಕ್ಕೆ ತಳ್ಳುವ ಸಣ್ಣ ಉಕ್ಕಿನ ತುಂಡೊಂದಿದೆ. ಅವರ ಬಾಯಲ್ಲಿ ಅದರ ಹೆಸರು 'ಕೈ'. ಅದು ಸವೆದಿದೆ, ಉರುಳೆ ಪೂರ್ತಿ ತಿರುಗದೆ ನಡುವೆ ನಿಲ್ಲುತ್ತದೆ. "ವಯಸ್ಸಾದ್ರೆ ಇವು ಮೊದಲು ಕೈ ಕೊಡೋದು ಕೈಯಲ್ಲೇ ಮೇಡಂ," ಎಂದು ನಕ್ಕರು. ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿದೆ. ಡಬ್ಬಿಯಲ್ಲಿದ್ದ ಹಳೆಯ ಕೈಗಳಲ್ಲಿ ಒಂದು ಉದ್ದ, ಒಂದು ದಪ್ಪ, ಯಾವುದೂ ಒಗ್ಗಲಿಲ್ಲ. ಬೇರೆ ಊರಿನ ಕಸುಬುದಾರರಿಗೆ ಹೇಳಿಕಳಿಸುತ್ತೇನೆ ಎಂದರು. ಮುಂದಿನ ತಿಂಗಳ ಹಳೆ ರಿವಾಲ್ವರುಗಳ ಗುರಿ ಪಂದ್ಯಕ್ಕೆ ನಿನಗೆ ಅದು ಬೇಕೇ ಬೇಕೆಂದು ನಾನೂ ಒತ್ತಿ ಹೇಳಿದೆ. ನಂಬು, ಆಗ ಮನಸ್ಸಿಟ್ಟೇ ಹೇಳಿದ್ದು.

ಅಂದು ಅಪ್ಪ ನನ್ನನ್ನು ಪರಿಚಯಿಸಿದ ಚೆಂದ ಕೇಳು. "ಗುರಿಗೆ ಹೊಡೆಯೋಳು ದೊಡ್ಡವಳು. ಇವಳು ಗಾಡಿ ಹೊಡೆಯೋಳು." ಮೇಸ್ತ್ರಿ ನಕ್ಕರು, ನಾನೂ ನಕ್ಕೆ. ಬಟ್ಟೆಯ ಮೇಲೆ ಮರದ ಹಿಡಿ ಬಿದ್ದಿತ್ತು, ನಿನ್ನ ಅಂಗೈಯ ಅಳತೆಗೆ ಅಪ್ಪನೇ ಉಜ್ಜಿ ಉಜ್ಜಿ ನುಣುಪಾಗಿಸಿದ್ದು. ನನ್ನ ಅಳತೆಗೆಂದು ಮನೆಯಲ್ಲಿ ಏನಾಗಿತ್ತು? ನಿನ್ನ ಹಳೆ ಫ್ರಾಕುಗಳ ಅಂಚು ಮಡಿಸಿದ್ದು. ಈ ವಯಸ್ಸಿನಲ್ಲಿ ಒಂದು ಮರದ ತುಂಡಿನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ನನಗೆ ಗೊತ್ತು. ಗೊತ್ತಿದ್ದರೆ ಉರಿ ಕಮ್ಮಿಯಾಗುತ್ತದೆಯೇ?

ಆದರೆ ಕಾರಿನಲ್ಲಿ ಅಪ್ಪ ಬೇರೆಯೇ ಮನುಷ್ಯ. ಮನೆಯಲ್ಲಿ ಪೇಪರಿನ ಹಿಂದೆ ಕೂತವರು ಅಲ್ಲಿ ಒಂದೇ ಸಮನೆ ಮಾತಾಡುತ್ತಾರೆ. ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಾಗ, "ನಿನ್ನನ್ನೂ ಕರೆದಿದ್ದೆ ಕಣೇ, ಕಲಿಸೋಣ ಅಂತ. ನೀನು ಕಿವಿ ಮುಚ್ಕೊಂಡು ಅಡುಗೆಮನೆಗೆ ಓಡಿದೆ," ಎಂದರು. ನನಗೆ ನೆನಪಿಲ್ಲ. ನಿನಗಿದೆಯೇ? ನನ್ನ ಸಮಾಧಾನಕ್ಕೆ ಕಟ್ಟಿ ಹೇಳಿದರೋ ಏನೋ. ನಿಜವೇ ಆಗಿದ್ದರೆ, ಇಷ್ಟು ವರ್ಷ ನಾನು ಸಿಟ್ಟಾಗಿದ್ದು ಯಾರ ಮೇಲೆ? ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು, ಗೇರ್ ಹಾಕಿದೆ. ವಾಪಸ್ಸು ಬರುವಾಗ ಮೂಲೆಯ ಅಂಗಡಿಯಲ್ಲಿ ಕಾಫಿ ಕುಡಿಯುತ್ತೇವೆ. ಅಲ್ಲಿ ಅವರು ನಿನ್ನ ಹೆಸರೆತ್ತುವುದಿಲ್ಲ. ನಾನು ಗಮನಿಸಿದ್ದೇನೆ.

ನಿನಗೆ ಆಶೀರ್ವಾದ ತಿಳಿಸಲು ಎರಡು ಸಲ ಹೇಳಿದರು. ಒಂದು ನಿನಗೆ, ಇನ್ನೊಂದು ರಿವಾಲ್ವರಿಗೆ ಇರಬೇಕು. ಭುಜ ಜೋಪಾನ.

ನಿನ್ನ ತಂಗಿ,
ಪುಟ್ಟಿ
(ನಲವತ್ತಾರಕ್ಕೂ ಇದೇ ಹೆಸರು)

ತಾ.ಕ.: ಮರೆತಿದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಕೈ ಸಿಕ್ಕಿದೆ. ಬುಧವಾರವೇ ಮೇಸ್ತ್ರಿ ಫೋನ್ ಮಾಡಿದ್ದರು. ಅರದಿಂದ ಉಜ್ಜಿ ಕೂರಿಸಿಯೂ ಆಗಿದೆ, ಉರುಳೆ ಸರಿಯಾಗಿ ತಿರುಗುತ್ತಿದೆಯಂತೆ. ಅಪ್ಪನಿಗೆ ಹೇಳಬೇಡಿ ಎಂದು ನಾನೇ ಕೇಳಿಕೊಂಡೆ. ನಿನ್ನೆಯೂ ಹೋದೆವು. ಮೇಸ್ತ್ರಿ ಸುಮ್ಮನೆ ಡಬ್ಬಿ ಕೆದಕಿ, "ಇನ್ನೂ ಬಂದಿಲ್ಲ ಯಜಮಾನ್ರೇ," ಎಂದರು. ಮೆಟ್ಟಿಲಿಳಿಯುವಾಗ ಅಪ್ಪ ನನ್ನ ಕೈ ಹಿಡಿದುಕೊಂಡು, "ಬೇಜಾರಾಗ್ಬೇಡ ಪುಟ್ಟಿ, ಮುಂದಿನ ವಾರ ಮತ್ತೆ ಬರೋಣ," ಎಂದರು. ನಿನ್ನ ಅಭ್ಯಾಸಕ್ಕೆ ದಿನ ಕಮ್ಮಿಯಾಗುತ್ತದೆ, ಗೊತ್ತು. ಪಂದ್ಯದ ಹೊತ್ತಿಗೆ ತಲುಪಿಸುತ್ತೇನೆ, ಕೈ ಕೊಡುವುದಿಲ್ಲ. ಅಲ್ಲಿಯವರೆಗಿನ ಶನಿವಾರಗಳು ನನ್ನವು. ಫೋನಿನಲ್ಲಿ ಅಪ್ಪನ ಹತ್ತಿರ ಬಾಯಿ ಬಿಡಬೇಡ.